ನೀಲವ್ವನ ಪಕ್ಕದ ಸೀಟು

ಅರವತ್ತು ದಾಟಿದವರ ಮನೆಗೆ ಅವರ ಬದುಕಿನ ಮರೆಯಲಾಗದ ಒಂದು ಗಳಿಗೆ ಬಂದು ನೆಲೆಸುವುದು ನಮ್ಮ ಊರಿನ ರೂಢಿ. ನೀಲವ್ವನ ಎದುರುಮನೆ ಜುಬೇದಾಗೆ ಅವಳ ಮದುವೆಯ ಚಪ್ಪರ ಬಂತು. ಅಲ್ಲಿ ದಿನವೂ ಬಿರಿಯಾನಿ, ದಿನವೂ ನೆಂಟರು. ನೀಲವ್ವನ ನಡುಮನೆಗೆ ಬಂದದ್ದು ಘಟ್ಟದಲ್ಲಿ ಉರುಳಿದ ಬಸ್ಸು.

ಬಸ್ಸಿನ ಬಾಗಿಲು ಗೋಡೆಗೆ ಒತ್ತಿಕೊಂಡಿತ್ತು. ನೀಲವ್ವ ಒಳಗೆ, ಅಂದಿನ ಸೀಟಿನಲ್ಲೇ ಇದ್ದಳು. ಖಾನಾವಳಿಯವರು ಬುತ್ತಿಯನ್ನು ಕಿಟಕಿಯಿಂದ ಕೊಟ್ಟು ಹೋಗುತ್ತಿದ್ದರು. ಸಂಜೆಗೊಮ್ಮೆ ಬಸ್ಸು ಮತ್ತೆ ವಾಲುತ್ತಿತ್ತು. ಆಗ ಅವಳು ಮುಂದಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಒಳಗಿನಿಂದ ಅಂದಿನ ಪ್ರಯಾಣಿಕರ ಕೂಗಾಟ ಕೇಳಿದ ಮೇಲೆ ಓಣಿಯವರು ಅತ್ತ ಸುಳಿಯುವುದನ್ನೇ ಬಿಟ್ಟರು. ಚಪ್ಪರಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದರು.

ಇವತ್ತು ಜುಬೇದಾ ಬಂದು ಕಿಟಕಿಯ ಹೊರಗೆ ನಿಂತಳು.

"ನೀಲಕ್ಕಾ, ನಮ್ಮನಿಗೆ ಊಟಕ್ಕ ಬರ್ರಿ."

"ಬಾಗಲಾ ತೆರಿಯಂಗಿಲ್ಲ, ಜುಬೇದಾ."

"ಹಂಗಾರ ನಾನ ಒಳಗ ಬರ್ತೀನಿ. ನಿಮ್ಮ ಬಾಜೂಕ ಯಾರರ ಅದಾರೇನು?"

ನೀಲವ್ವ ಪಕ್ಕದ ಸೀಟಿನ ಕಡೆ ತಿರುಗಲಿಲ್ಲ. "ನನ್ನ ಗೆಳತಿ ಇದ್ಲು. ಆಕಿ ಉಳೀಲಿಲ್ಲ."

ಜುಬೇದಾ ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫು ತೆಗೆದು, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಎಸೆಯುವಂತೆ, ಸರಳುಗಳ ನಡುವಿನಿಂದ ಆ ಖಾಲಿ ಸೀಟಿಗೆ ಎಸೆದಳು.

"ಸೀಟ್ ಹಿಡ್ದೀನ್ರಿ. ಹೆಂಗರ ಮಾಡಿ ಬರ್ತೀನಿ. ಯಾರಿಗೂ ಕೊಡಬ್ಯಾಡ್ರಿ."

ಅವಳು ಹೋದ ಸ್ವಲ್ಪ ಹೊತ್ತಿಗೆ ಸಂಜೆಯಾಯಿತು, ಬಸ್ಸು ವಾಲತೊಡಗಿತು. ನೀಲವ್ವ ಕಂಬಿ ಹಿಡಿಯಲಿಲ್ಲ. ಜಾರುತ್ತಿದ್ದ ಕರ್ಚೀಫಿನ ಮೇಲೆ ಎರಡೂ ಕೈ ಊರಿ ಕೂತಳು.