ಇಪ್ಪತ್ತೊಂಬತ್ತರ ಹೊಲಿಗೆ

ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ತಿಂಗಳ ಸಂಬಳದವರಿಗೆ ಕೂಲಿಯಿಲ್ಲ. ಕೂಲಿ ಕೈಗೆ ಬೀಳದ ಕೆಲಸವೋ, ಮರುದಿನ ಬೆಳಗಾಗುವಷ್ಟರಲ್ಲಿ ಗುರುತೂ ಇಲ್ಲದಂತೆ ಅಳಿಸಿಹೋಗುತ್ತದೆ. ಅದಕ್ಕೇ ಆ ದಿನ ಕಚೇರಿಗಳಲ್ಲಿ ಗುಮಾಸ್ತರು ಚೌಕಾಬಾರ ಆಡುತ್ತಾರೆ, ಸಾಹೇಬರೂ ಬೈಯುವುದಿಲ್ಲ.

ಸರಕಾರಿ ಆಸ್ಪತ್ರೆಯ ನರ್ಸ್ ದ್ರಾಕ್ಷಾಯಣಿಗೆ ಮಾತ್ರ ಆಟವಿಲ್ಲ. ಕುಡುಗೋಲು ತಗುಲಿ ಅಂಗೈ ಸೀಳಿಕೊಂಡು ಬಂದಿದ್ದ ಬಾಳವ್ವನಿಗೆ ಆಕೆ ಹೊಲಿಗೆ ಹಾಕಿ ಮುಗಿಸಿದಳು.

"ಮುಂಜಾನಿಗೆ ಈ ಹೊಲಿಗಿ ಬಿಚ್ಚತಾವಲ್ರೀ ಅಕ್ಕಾರ?" ಎಂದಳು ಬಾಳವ್ವ.

ಇಷ್ಟು ವರ್ಷದ ನೌಕರಿಯಲ್ಲಿ ದ್ರಾಕ್ಷಾಯಣಿ ರೋಗಿಗಳು ಕೊಟ್ಟ ಒಂದು ಬಾಳೆಹಣ್ಣನ್ನೂ ಮುಟ್ಟಿದವಳಲ್ಲ, ಮುಟ್ಟಿದವರನ್ನು ಜಾಡಿಸಿದವಳು. ಗೋಡೆಯ ಮೇಲಿನ 'ಲಂಚ ಕೊಡಬೇಡಿ' ಫಲಕಕ್ಕೆ ಬೆನ್ನು ಮಾಡಿ ನಿಂತು, ಮೆಲ್ಲಗೆ ಕೈಯೊಡ್ಡಿದಳು.

"ಏನರ ಕೊಡವ್ವಾ."