ಬರಿಗೈ

“ಸರ್, ನಮ್ಮ ಹೊಸ ಜೀನ್ ಕೆರೆಯ ಬ್ಯಾಕ್ಟೀರಿಯಾದ್ದಲ್ಲ, ಮನುಷ್ಯರದು,” ಎಂದಳು ಬಿ.ಎಸ್ಸಿ. ಕೊನೆ ವರ್ಷದ ಹುಡುಗಿ. ಪರದೆಯ ಮೇಲೆ ಆ ಜೀನ್‌ನ ಸಾಲೂ ಮನುಷ್ಯರ ಜೀನ್‌ನ ಸಾಲೂ ಅಕ್ಷರಕ್ಕೆ ಅಕ್ಷರ ತಾಳೆಯಾಗಿದ್ದವು. “ಸ್ಯಾಂಪಲ್ ತೆಗೆದ ದಿನ ಗ್ಲೌಸ್ ಮುಗಿದಿತ್ತು, ಬರಿಗೈಯಲ್ಲೇ ಮಾಡಿದೆ. ಇದು ಕೈಯಿಂದ ಸೇರಿಹೋದ ನನ್ನದೇ ಜೀನ್ ಇರಬೇಕು.”

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಜೀನ್ ಬಗ್ಗೆ ಬರೆದ ಪ್ರಬಂಧ ಇವತ್ತೇ ಜರ್ನಲ್‌ಗೆ ಹೋಗಬೇಕಲ್ಲಮ್ಮ. ಮೊದಲ ಹೆಸರೇ ನಿನ್ನದು ಹಾಕಿದ್ದೀನಿ. ಎಂ.ಎಸ್ಸಿ. ಸೀಟು ಬೇಡವಾ?”

“ಬೇಕು ಸರ್. ಆದರೆ ಇದು ತಪ್ಪಲ್ವಾ?”

“ಮೊಟ್ಟೆಯೇ ಕೋಳಿಗೆ ಬುದ್ಧಿ ಹೇಳೋ ಕಾಲ ಬಂತು,” ಎಂದು ಅವರು ನಕ್ಕರು. “ಆಯ್ತು, ತಪ್ಪು ಅಂದಮೇಲೆ ತೆಗೀಲೇಬೇಕು.” ಅವರು ಮೌಸ್ ತಮ್ಮತ್ತ ಎಳೆದುಕೊಂಡಾಗ ಅವಳ ಎದೆ ಹಗುರಾಯಿತು.

ಅವರು ಅವಳ ಹೆಸರನ್ನು ಅಳಿಸಿ ಪ್ರಬಂಧವನ್ನು ಕಳಿಸಿಬಿಟ್ಟರು. ಅದರಲ್ಲಿ ಈಗ ಅವಳದೆಂದು ಉಳಿದದ್ದು ಆ ಜೀನ್ ಮಾತ್ರ.