ತಾರಸಿಯ ಪುಂಡಿ ಸೊಪ್ಪು

ಗುರುಚರಣ ಕುಂಡದ ಮಣ್ಣಿಗೆ ಎರೆಗೊಬ್ಬರ ಬೆರೆಸುತ್ತ ಕೂತಿದ್ದಾಗಲೇ ಮನೆಯ ಒಡತಿ ಜಾನಕಮ್ಮ ತಾರಸಿಗೆ ಬಂದರು. ಬಂದವರೇ ಅವನ ಗಾಂಜಾ ಗಿಡದ ಕುಡಿಗಳನ್ನು ಚಿವುಟಿ ಸೆರಗಿಗೆ ಹಾಕಿಕೊಳ್ಳತೊಡಗಿದರು.

"ಎಷ್ಟು ಚೆನ್ನಾಗಿ ಬೆಳೆಸಿದೀಯೋ ಪುಂಡಿ ಸೊಪ್ಪು. ಇಲ್ಲಿ ಮಾರ್ಕೆಟ್ಟಲ್ಲಿ ಪುಳಿಚ್ಚಕೀರೈ ಅಂತ ಇದನ್ನೇ ಮಾರ್ತಾರೆ, ಬರೀ ನಾರು. ಹುಳಿಗೆ ಹಾಕ್ತೀನಿ. ಇವತ್ತು ನಮ್ಮಲ್ಲೇ ಸಾಪಾಡು."

ತಮಿಳು ಸೀಮೆಯ ಈ ವೇಲಚೇರಿಗೆ ಬಂದು ವರ್ಷವಾದರೂ ಅವನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಸುಮ್ಮನಿದ್ದರೆ ಊಟ ಸಿಗುತ್ತದೆ, ಆದರೆ ಎಪ್ಪತ್ತು ದಾಟಿದ ಇವರೂ ಅದನ್ನೇ ತಿನ್ನುತ್ತಾರೆ. ಬಾಯಿಬಿಟ್ಟರೆ ಊಟವೂ ಇಲ್ಲ, ಇರಲು ಕೋಣೆಯೂ ಇಲ್ಲ.

"ಅದು ಪುಂಡಿ ಅಲ್ಲ ಜಾನಕಮ್ಮ," ಎಂದ. "ಗಾಂಜಾ. ತಿನ್ನಬೇಡಿ."

ಅವರು ಸೆರಗು ಕೊಡವಿದರು. ಎಲೆಗಳು ಸಿಮೆಂಟಿನ ಮೇಲೆ ಬಿದ್ದವು. ಬೈಗುಳಕ್ಕೆ, ಪೊಲೀಸರ ಮಾತಿಗೆ, ಕೋಣೆ ಖಾಲಿ ಮಾಡು ಎನ್ನುವುದಕ್ಕೆ ಗುರುಚರಣ ಒಳಗೊಳಗೇ ಉತ್ತರ ಜೋಡಿಸಿಕೊಂಡ. ಜಾನಕಮ್ಮ ಮಾತ್ರ ತಾರಸಿಯಲ್ಲೇ ಇದ್ದ ಅವನ ಬಾಡಿಗೆ ಕೋಣೆಯ ತೆರೆದ ಬಾಗಿಲೊಳಗೆ ಇಣುಕಿದರು.

"ಅದಿರ್ಲಿ, ಆ ಹುಡುಗಿ ಎಲ್ಲಿ?"

"ಯಾವ ಹುಡುಗಿ?"

"ಮುಚ್ಚಿಡ್ಬೇಡ. ದಿನಾ ಬೆಳಿಗ್ಗೆ ಇಲ್ಲಿ ನಿಂತ್ಕೊಂಡು, ಬಾಯಾರಿಕೆ ಆಯ್ತಾ, ಬಿಸಿಲು ಜಾಸ್ತಿ ಆಯ್ತಾ ಅಂತ ಕೇಳ್ತಿರ್ತೀಯಲ್ಲ. ಕೆಳಗೆ ನಂಗೆ ಕೇಳಿಸುತ್ತಪ್ಪಾ. ಅವಳ್ನೂ ಸೇರಿಸಿ ಕರೆಯೋಣಾಂತಲೇ ಬಂದೆ."

ಗುರುಚರಣ ಕುಡಿ ಕಳೆದುಕೊಂಡ ಗಿಡದ ಬುಡಕ್ಕೆ ಒಂದು ಹಿಡಿ ಮಣ್ಣು ಹಾಕಿ ಮೆಲ್ಲಗೆ ತಟ್ಟಿದ. ನಿಧಾನವಾಗಿ ಜಾನಕಮ್ಮನವರ ಕಣ್ಣು ಗಿಡದ ಕಡೆಗೆ ತಿರುಗಿತು.